ವಡೋದರಾದಿಂದ ವಾಪಸು ಬಂದ ಮರಿ

ರಮಾಮಣಿಯವರು ನಾಯಿಮರಿಗಳಿಗೆ ಹೆಸರಿಡುತ್ತಿರಲಿಲ್ಲ. ಹೆಸರಿಟ್ಟವರು ಸಾಕಬೇಕು, ತಾನು ಸಾಕುವವಳಲ್ಲ, ದಾಟಿಸುವವಳು ಎನ್ನುತ್ತಿದ್ದರು. ಹದಿನಾಲ್ಕು ವರ್ಷಗಳಲ್ಲಿ ಅವರ ಕೈಯಿಂದ ಬೇರೆ ಮನೆಗಳಿಗೆ ದಾಟಿದ ಮರಿಗಳು ಮೂವತ್ತೆಂಟು. ಎಲ್ಲವೂ ಬೀದಿನಾಯಿಯ ಮರಿಗಳೇ. ತಾಯಿ ಸತ್ತವು, ಚರಂಡಿಯಲ್ಲಿ ಸಿಕ್ಕವು, ಯಾರೋ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಅವರ ಬಾಗಿಲಿಗೆ ತಂದಿಟ್ಟು ಹೋದವು.

ಅವರ ಗಂಡ ಸುಧೀರ್ ಕುಲಕರ್ಣಿ ಮತ್ತು ನಾನು ಅಹಮದಾಬಾದಿನ ಬಾಹ್ಯಾಕಾಶ ಸಂಸ್ಥೆಯೊಂದರಲ್ಲಿ ಒಂದೇ ವಿಭಾಗದಲ್ಲಿ ಇದ್ದವರು. ಅವರು ನನಗಿಂತ ಎಂಟು ವರ್ಷ ಹಿರಿಯರು. ನಿವೃತ್ತಿಯ ನಂತರ ಅದೇ ಊರಿನ ಬೋಪಾಲ್ ಬಡಾವಣೆಯಲ್ಲಿ ಫ್ಲ್ಯಾಟ್ ತೆಗೆದುಕೊಂಡರು; ಎರಡು ಮಹಡಿ ಕೆಳಗೆ ನಾನೂ ತೆಗೆದುಕೊಂಡೆ. ನಾನು ತುಮಕೂರಿನವನಾದರೂ ಧಾರವಾಡದ ರಮಾಮಣಿಯವರನ್ನು ಮೊದಲಿನಿಂದಲೂ ವೈನಿ ಎಂದೇ ಕರೆಯುತ್ತೇನೆ. ಅತ್ತಿಗೆ ಅಂದರೆ ಅವರು ತಿರುಗಿ ನೋಡುವುದಿಲ್ಲ.

ವೈನಿಯ ಕೆಲಸಕ್ಕೆ ಕಟ್ಟುನಿಟ್ಟಿನ ಕ್ರಮವಿತ್ತು. ಎಂಟು ವಾರ ತುಂಬಿದ ಮರಿ ಮನೆಯಲ್ಲಿ ಉಳಿಯಕೂಡದು. ಕೊಡುವ ಮೊದಲು ಆ ಮನೆಗೆ ತಾವೇ ಹೋಗಿ ನೋಡಬೇಕು. ಕೊಟ್ಟ ಮೂವತ್ತು ದಿನದ ಒಳಗೆ ಬೇಡವೆನಿಸಿದರೆ ಕಾರಣ ಕೇಳದೆ ವಾಪಸು ತೆಗೆದುಕೊಳ್ಳಬೇಕು. ಈ ಮೂರನೆಯದರ ಬಗ್ಗೆ ಸುಧೀರ್ ತಮಾಷೆ ಮಾಡುತ್ತಿದ್ದರು: "ಮಿಕ್ಸರ್ ಕೊಟ್ಟಾಂಗ ಗ್ಯಾರಂಟಿ ಕೊಡ್ತಾಳ." ವೈನಿಯ ಉತ್ತರವೂ ಸಿದ್ಧವಿರುತ್ತಿತ್ತು. "ಬ್ಯಾಡಾದ ಮನ್ಯಾಗ ಇರೂದಕ್ಕಿಂತ ನಮ್ಮ ಬಾಲ್ಕನಿ ಛೊಲೊ."

ಆದರೆ ಕೋವಿಡ್ ನಂತರ ಸುಧೀರ್ ಅವರ ಶ್ವಾಸಕೋಶ ಪೂರ್ತಿ ಸರಿಹೋಗಲಿಲ್ಲ. ಕಳೆದ ವರ್ಷದ ಹೊತ್ತಿಗೆ ಒಂದು ಉದ್ದನೆಯ ವಾಕ್ಯಕ್ಕೆ ಎರಡು ಸಲ ಉಸಿರು ತೆಗೆದುಕೊಳ್ಳುವ ಸ್ಥಿತಿ ಬಂದಿತ್ತು. ಪ್ರಾಣಿಗಳ ಕೂದಲು ಮನೆಯೊಳಗೆ ಇರಲೇಬಾರದು ಎಂದು ವೈದ್ಯರು ಹೇಳಿದರು. ಆಗ ಬಾಲ್ಕನಿಯಲ್ಲಿದ್ದದ್ದು ಒಂದೇ ಮರಿ. ಇದನ್ನು ದಾಟಿಸಿದರೆ ಮುಗಿಯಿತು, ಇನ್ನು ತರುವುದಿಲ್ಲ ಎಂದು ವೈನಿ ವೈದ್ಯರ ಎದುರೇ ಹೇಳಿಬಂದರು. ಬಾಲ್ಕನಿಯ ಗಾಜಿನ ಬಾಗಿಲು ಅಂದಿನಿಂದ ಸದಾ ಮುಚ್ಚಿರುತ್ತಿತ್ತು.

ಆ ಮರಿ ಕಂದು ಬಣ್ಣದ ಹೆಣ್ಣು. ಜೂನ್‌ನಲ್ಲಿ ನಮ್ಮ ನೆಲಮಾಳಿಗೆಯಲ್ಲಿ ಹುಟ್ಟಿದ ಮೂರರಲ್ಲಿ ಒಂದು. ತಾಯಿ ರಿಂಗ್ ರೋಡಿನಲ್ಲಿ ಲಾರಿಗೆ ಸಿಕ್ಕಿತ್ತು. ಒಡಹುಟ್ಟಿದ ಎರಡು ಎಂಟನೇ ವಾರಕ್ಕೆ ಮನೆ ಸೇರಿದವು. ಇದರ ಹಿಂಗಾಲಿನ ಮೇಲೆ ಯಾರೋ ಆಕ್ಟಿವಾ ಹತ್ತಿಸಿದ್ದರಿಂದ ಮೂಳೆ ಮುರಿದಿತ್ತು. ಪಟ್ಟಿ ಕಟ್ಟಿದ ಕಾಲಿನ ಮರಿಯನ್ನು ಯಾರೂ ಕೇಳಲಿಲ್ಲ. ಹೀಗೆ ಎಂಟು ವಾರದ ನಿಯಮ ಮೊದಲ ಬಾರಿಗೆ ಮುರಿಯಿತು. ಮೂಳೆ ಕೂಡುವವರೆಗೆ ಅದು ಓಡಬಾರದೆಂದು ವೈನಿ ದಿನದ ಬಹುಭಾಗ ಬಾಲ್ಕನಿಯಲ್ಲೇ ಕುಳಿತರು. ತೊಗರಿಬೇಳೆ ಆರಿಸುವುದು, ಬಟ್ಟೆ ಮಡಿಸುವುದು, ಫೋನು, ಎಲ್ಲ ಅಲ್ಲೇ. ಒಳಗೆ ಸುಧೀರ್ ಹೆಚ್ಚು ಮಾತಾಡುವಂತಿರಲಿಲ್ಲ. ಹೊರಗೆ ಮರಿಯ ಜೊತೆ ಮಾತು ಬೆಳಗಿನಿಂದ ಸಂಜೆಯವರೆಗೆ ನಡೆಯುತ್ತಿತ್ತು. ಹೆಸರಿಲ್ಲದ ಕಾರಣ ಕರೆಯುವುದು 'ಸಣ್ಣಾಕಿ' ಎಂದು.

"ಬಾರವ್ವಾ ಸಣ್ಣಾಕಿ. ಕೂಡು. ಹಾಂ, ಹಂಗ. ಇವತ್ತ ನಿನಗ ಅನ್ನಾ ಮೊಸರು. ಬ್ಯಾಡ ಅನ್ನಬ್ಯಾಡ ಮತ್ತ."

ನವೆಂಬರ್ ಹೊತ್ತಿಗೆ ಕಾಲು ಸರಿಹೋಯಿತು. ದೀಪಾವಳಿಯ ಪಟಾಕಿ ಮುಗಿಯಲಿ ಎಂದು ಕಾದು, ನವೆಂಬರ್ ಹತ್ತರ ಭಾನುವಾರ ಮರಿಯನ್ನು ವಡೋದರಾದ ಕಿಶೋರ್‌ಭಾಯಿ ಎಂಬುವರ ಮನೆಗೆ ಕೊಟ್ಟರು. ವೈನಿಯ ಮಗಳು ನಿಕಿತಾ ವಡೋದರಾದಲ್ಲೇ ಇದ್ದಾಳೆ, ಕಿಶೋರ್‌ಭಾಯಿ ಅವಳ ಆಫೀಸಿನವರು. ಹೆಂಡತಿ, ಆರು ವರ್ಷದ ಮಗಳು, ಹಿಂದುಗಡೆ ಅಂಗಳವಿರುವ ಮನೆ. ಮರಿಗೆ ಕೋಕೋ ಎಂದು ಹೆಸರಿಟ್ಟರು. ಅಂದು ಸಂಜೆ ವೈನಿ ಬಾಲ್ಕನಿಯನ್ನು ಫಿನಾಯಿಲ್ ಹಾಕಿ ಎರಡು ಸಲ ತೊಳೆದರು.

ಇಪ್ಪತ್ತೊಂದನೇ ದಿನ ಕಿಶೋರ್‌ಭಾಯಿ ಕಾರಿನಲ್ಲಿ ಬಂದರು. ಸೋಫಾದ ಅಂಚಿನಲ್ಲಿ ಕುಳಿತು, ತಂದುಕೊಟ್ಟ ನೀರನ್ನೂ ಕುಡಿಯದೆ ಹಿಂದಿಯಲ್ಲಿ ಹೇಳಿದರು. ಮರಿಗೆ ಕಿವಿ ಕೇಳಿಸುವುದಿಲ್ಲ. ಕರೆದರೆ ಬರುವುದಿಲ್ಲ, ಬೇಡವೆಂದರೆ ನಿಲ್ಲುವುದಿಲ್ಲ. ಹಿಂದಿನ ಬುಧವಾರ ಗೇಟು ತೆರೆದಿದ್ದಾಗ ರಸ್ತೆಗೆ ಓಡಿದೆ. ಕಾವಲುಗಾರ ಕೂಗಿದ್ದಾನೆ, ಇವರು ಕೂಗಿದ್ದಾರೆ, ಅದು ತಿರುಗಿಯೂ ನೋಡಿಲ್ಲ. ಅದರ ಹಿಂದೆ ಮಗಳು ಓಡಿದ್ದಾಳೆ. ಟೆಂಪೊದವನು ಬ್ರೇಕ್ ಹಾಕಿದ್ದರಿಂದ ಇಬ್ಬರೂ ಉಳಿದರು.

"ಆಂಟಿ, ನಾನು ಕೆಟ್ಟವನಲ್ಲ," ಎಂದರು ಅವರು. "ಆದರೆ ನನಗೂ ಒಂದೇ ಮಗಳು."

ವೈನಿ ಕಾರಣ ಕೇಳದವರು, ಕೇಳದೆಯೇ ಬಂದ ಕಾರಣಕ್ಕೆ ತಲೆಯಾಡಿಸಿದರು. ಮರಿ ಅಷ್ಟರಲ್ಲಿ ಬಾಲ್ಕನಿಯ ಗಾಜಿನ ಬಾಗಿಲ ಮುಂದೆ ಹೋಗಿ, ಯಾರಾದರೂ ತೆರೆಯಲಿ ಎಂದು ನಿಂತಿತ್ತು.

ಆಮೇಲೆ ನನ್ನನ್ನು ಕರೆಸಿದರು. ಕಿವುಡು ಮರಿಗೆ ಯಾರೂ ಸಿಗುವುದಿಲ್ಲ. ಉತ್ತರಾಯಣದ, ಅಂದರೆ ಸಂಕ್ರಾಂತಿಯ ಒಳಗೆ, ಚಳಿ ಮತ್ತು ಹೊಗೆ ಸುಧೀರ್ ಅವರ ಎದೆಗೆ ಪೂರ್ತಿ ಇಳಿಯುವ ಮೊದಲು, ಮನೆ ಖಾಲಿಯಾಗಬೇಕು. ಉಳಿಯುವುದು ದಿಕ್ಕಿಲ್ಲದ ಪ್ರಾಣಿಗಳನ್ನು ಸಾಕುವ ಪಾಂಜರಾಪೋಳ. ದನಕರುಗಳಿಗೆ ಅದು ಒಳ್ಳೆಯ ಜಾಗವೇ, ಆದರೆ ನೂರಾರು ನಾಯಿಗಳ ಮಧ್ಯೆ ಈ ಕಾಲಿನ ಮರಿ ಹೆಚ್ಚು ದಿನ ಬಾಳುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಇಲ್ಲವಾದರೆ ತಾಯಿ ಸತ್ತ ಜಾಗಕ್ಕೇ, ರಿಂಗ್ ರೋಡಿನ ಪಕ್ಕಕ್ಕೆ ಬಿಡಬೇಕು.

"ನೀವು ಸೈನ್ಸಿನವರು," ಎಂದರು ವೈನಿ. "ಖರೇನೇ ಕಿವುಡೇನು, ನೋಡಿ ಹೇಳ್ರಿ."

ನಾನು ಮರಿಯ ಹಿಂದೆ ನಿಂತು ಸ್ಟೀಲಿನ ಚಮಚ ಬೀಳಿಸಿದೆ. ಎರಡೂ ಕಿವಿ ತಟ್ಟನೆ ತಿರುಗಿದವು. ಹಾಗಾದರೆ ತೊಂದರೆ ಕಿವಿಯದಲ್ಲ. ಬಹುಶಃ ಐದು ನಿಮಿಷ ಯೋಚಿಸಿರಬೇಕು. ಆಮೇಲೆ ವೈನಿಯನ್ನು ಒಳಗೆ ಕಳಿಸಿ, ಮರಿಗೆ ಬೆನ್ನು ಮಾಡಿ, ಬಾಗಿಲಿನ ಗಾಜಿನಲ್ಲಿ ಅದನ್ನು ನೋಡುತ್ತ ಕುಳಿತು, ಒಂದೇ ದನಿಯಲ್ಲಿ ಹತ್ತು ಸಲ ಹಿಂದಿಯಲ್ಲಿ, ಹತ್ತು ಸಲ ಗುಜರಾತಿಯಲ್ಲಿ, ಹತ್ತು ಸಲ ವೈನಿಯ ಮಾತಿನಲ್ಲಿ ಕರೆದೆ, ಕೂರಲು ಹೇಳಿದೆ. ಕ್ರಮ ಬೆರೆಸಿ ಹೇಳಿದೆ. ಹಿಂದಿಗೆ ಒಂದು ಸಲ, ಗುಜರಾತಿಗೆ ಒಂದು ಸಲ ಬಂತು, ಅವು ಆಕಸ್ಮಿಕವಿರಬಹುದು. 'ಬಾರವ್ವಾ', 'ಕೂಡು' ಎಂದಾಗ ಹತ್ತರಲ್ಲಿ ಒಂಬತ್ತು ಸಲ ಹೇಳಿದಂತೆ ಮಾಡಿತು.

ನಾನು ನಗುತ್ತಾ ಒಳಗೆ ಬಂದೆ. "ಕಿವುಡಲ್ಲ ವೈನಿ. ಧಾರವಾಡದ ಹುಡುಗಿ, ಅಷ್ಟೆ."

ಸುಧೀರ್ ನಕ್ಕು ಕೆಮ್ಮಿದರು. ವೈನಿ ನಗಲಿಲ್ಲ. ಎಂಟು ವಾರಕ್ಕೆ ಹೋದ ಮರಿಗಳಿಗೆ ಯಾವ ಭಾಷೆಯೂ ಬಂದಿರುವುದಿಲ್ಲ. ಹೋದ ಮನೆಯ ಮಾತನ್ನೇ ಕಲಿಯುತ್ತವೆ. ಇದು ಐದು ತಿಂಗಳು ಬಾಲ್ಕನಿಯಲ್ಲಿ ಒಬ್ಬರ ಮಾತನ್ನೇ ಕೇಳಿ ಬೆಳೆದಿತ್ತು.

"ನಂದs ತಪ್ಪು," ಎಂದರು.

ಕಿಶೋರ್‌ಭಾಯಿಗೆ ಆರು ಕನ್ನಡ ಪದ ಬರೆದುಕೊಡೋಣ ಎಂದೆ. ಫೋನಿನಲ್ಲಿ ಕೇಳಿದಾಗ ಅವರು ಒಪ್ಪಲಿಲ್ಲ, ಮಗಳು ಈಗಲೂ ನಿದ್ದೆಯಲ್ಲಿ ಬೆಚ್ಚುತ್ತಾಳಂತೆ. ಬೇರೆ ಯಾರಿಗಾದರೂ ಪದಗಳ ಚೀಟಿಯ ಸಮೇತ ಕೊಡೋಣ ಎಂದೆ. ಅದಕ್ಕೆ ವೈನಿ ಬೇಡವೆಂದು ತಲೆಯಾಡಿಸಿದರು.

"ಮನ್ಯಾವ್ರು ಕಲೀತಾರ್ರಿ. ಗೇಟಿನಾಗ ನಿಂತಾವ ಕಲೀತಾನ? ರಸ್ತೇದಾಗ 'ನಿಂದ್ರು' ಅಂತ ಒದರಾವ್ರು ಯಾರು? ಆಕಿ ಇರೂ ಊರಿನ ಮಾತು ಆಕಿಗೆ ಬರಬೇಕು."

ಆಮೇಲೆ, ನನಗಲ್ಲ, ಗಂಡನಿಗೆ ಹೇಳಿದರು: "ಇದs ಮಾತು ಆವತ್ತ ಆ ಟೀಚರ್ ಅಂದಿದ್ರು. ನೆನಪದ ಏನ್ರಿ?"

ಸುಧೀರ್‌ಗೆ ನೆನಪಿತ್ತು. ನನಗೆ ಅಂದು ತಿಳಿಯಿತು. ನಿಕಿತಾಗೆ ನಾಲ್ಕೂವರೆ ವರ್ಷವಾದಾಗ ಕಾಲೊನಿಯ ಹತ್ತಿರದ ಶಾಲೆಗೆ ಹಾಕಿದ್ದರು. ಮೂರು ತಿಂಗಳು ಅವಳು ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಟೀಚರ್ ಒಳ್ಳೆಯವರೇ. ತಾಯಿತಂದೆಯನ್ನು ಕರೆಸಿ, ಮಗುವಿಗೆ ಏನೂ ಅರ್ಥವಾಗುತ್ತಿಲ್ಲ, ಒಂದು ವರ್ಷ ಮನೆಯಲ್ಲಿ ನಿಮ್ಮ ಭಾಷೆ ನಿಲ್ಲಿಸಿ, ಹಿಂದಿಯನ್ನೇ ಆಡಿ, ಅವಳು ಇರುವ ಊರಿನ ಮಾತು ಅವಳಿಗೆ ಬರಬೇಕಲ್ಲವೇ ಎಂದರು. ಇವರು ನಿಲ್ಲಿಸಿದರು. ಮಗು ಹಿಂದಿ ಕಲಿಯಿತು, ಗುಜರಾತಿ ಕಲಿಯಿತು, ತರಗತಿಗೆ ಎರಡನೆಯದಾಗಿ ಬಂತು. ಒಂದು ವರ್ಷವಾದ ಮೇಲೆ ಕನ್ನಡವನ್ನು ಮತ್ತೆ ಶುರುಮಾಡಲು ಹೋದರೆ ಅವಳು ಉತ್ತರಿಸಿದ್ದು ಹಿಂದಿಯಲ್ಲಿ. ಇಂದಿಗೂ ಹಾಗೆಯೇ.

ಕಲಿಸುವ ಕ್ರಮವನ್ನು ಬರೆದುಕೊಟ್ಟವನು ನಾನು. ಮೊದಲು ಹೊಸ ಪದ, ಅರೆ ಕ್ಷಣ ಬಿಟ್ಟು ಹಳೆಯ ಪದ, ಹೇಳಿದಂತೆ ಮಾಡಿದರೆ ಪನೀರಿನ ಚೂರು. 'ಅಹೀಂ ಆವ', ಆಮೇಲೆ 'ಬಾರವ್ವಾ'. 'ಬೇಸ್', ಆಮೇಲೆ 'ಕೂಡು'. 'ಊಭೀ ರಹೇ', ಆಮೇಲೆ 'ನಿಂದ್ರು'. ದಿನಕ್ಕೆ ಐದು ಸಲ, ಹತ್ತತ್ತು ನಿಮಿಷ. ಎರಡು ವಾರವಾದ ಮೇಲೆ ಹಳೆಯ ಪದವನ್ನು ಪೂರ್ತಿ ಕೈಬಿಡುವುದು. ಮತ್ತು ಅಂದಿನಿಂದ ಮರಿಯ ಎದುರು ಕನ್ನಡದಲ್ಲಿ ಬೇರೆ ಯಾವ ಮಾತೂ ಆಡಬಾರದು. ಆಡಿದರೆ ಹಳೆಯದು ಅಳಿಸುವುದಿಲ್ಲ. ಇದು ಪ್ರಾಣಿಗಳಿಗೆ ಕಲಿಸುವವರೆಲ್ಲ ಒಪ್ಪುವ ಕ್ರಮ. ಅದರಲ್ಲಿ ತಪ್ಪಿರಲಿಲ್ಲ.

ಮೊದಲ ಎರಡು ವಾರ ಆಟದಂತೆ ಹೋಯಿತು. ಮೂವತ್ತಮೂರು ವರ್ಷ ಗುಜರಾತಿನಲ್ಲಿದ್ದರೂ ವೈನಿಯ ಗುಜರಾತಿ ತರಕಾರಿ ಅಂಗಡಿಯಿಂದ ಆಚೆ ಹೋಗಿರಲಿಲ್ಲ. ಅವರ 'ಅಹೀಂ ಆವ' ಕೇಳಿ ಕೆಲಸದ ಸವಿತಾಬೆನ್ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. "ಮಾಸಿ, ನಾಯಿಗಿಂತ ಮೊದಲು ನೀವು ಪಾಸಾಗಬೇಕು." ಮರಿ ಪಾಸಾಗುತ್ತಿತ್ತು. ಸುರತ್‌ನ ಹಜೀರಾದಲ್ಲಿ ಗ್ಯಾಸ್ ಕಂಪನಿಯ ಕಾಲೊನಿಯಲ್ಲಿರುವ ಮಯೂರ್, ಹೇತಲ್ ಎಂಬ ಗಂಡಹೆಂಡತಿ ಮರಿಯನ್ನು ಕೇಳಿದ್ದರು. ಕಥೆಯನ್ನೆಲ್ಲ ತಿಳಿದೇ ಕೇಳಿದ್ದರು. ಒಂದು ಭಾನುವಾರ ಬಂದು ತಾವೇ ಕರೆದು, ಕೂರಿಸಿ ನೋಡಿ ಹೋದರು. ಜನವರಿ ಐದಕ್ಕೆ ಕೊಡುವುದೆಂದು ಮಾತಾಯಿತು.

ಹದಿನೈದನೇ ದಿನ ಬೆಳಿಗ್ಗೆ ವೈನಿ ಕನ್ನಡ ನಿಲ್ಲಿಸಿದರು. ಅವರ ಬಳಿ ಗುಜರಾತಿ ಇದ್ದದ್ದು ಎಂಟೋ ಹತ್ತೋ ಪದ. ಅವು ಮುಗಿದ ಮೇಲೆ ಆಡಲು ಏನೂ ಇರಲಿಲ್ಲ. ಹೀಗಾಗಿ ಬೆಳಗಿನಿಂದ ಸಂಜೆಯವರೆಗೆ ಮಾತು ಹರಿಯುತ್ತಿದ್ದ ಬಾಲ್ಕನಿ ಸದ್ದಿಲ್ಲದ ಜಾಗವಾಯಿತು. ನಾನು ಬರೆದುಕೊಟ್ಟ ಕ್ರಮದಲ್ಲಿ ಇದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮರಿ ಮೊದಲ ದಿನ ಅವರ ಮುಖವನ್ನೇ ನೋಡುತ್ತ ಕುಳಿತಿತ್ತು. ಎರಡನೇ ದಿನ ಅನ್ನ ಮುಟ್ಟಲಿಲ್ಲ. ಆಮೇಲೆ ಒಂದೊಂದೇ ವಸ್ತುವನ್ನು ತಂದು ಅವರ ಕಾಲ ಬಳಿ ಇಡಲು ಶುರುಮಾಡಿತು. ಚಪ್ಪಲಿ, ಒಣಗಿದ ಎಲೆ, ಬಟ್ಟೆಗೆ ಹಾಕುವ ಕ್ಲಿಪ್ಪು. ತಂದಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ಕಾಯುತ್ತಿತ್ತು. ಏನೂ ಬಾರದಿದ್ದರೆ ಇನ್ನೊಂದನ್ನು ಹುಡುಕಿ ಹೋಗುತ್ತಿತ್ತು.

ಆ ಶನಿವಾರ ನಿಕಿತಾ ಬಂದಿದ್ದಳು. ಗುಜರಾತಿ ಸರಿಯಾಗಿ ಆಡುವವಳು ಅವಳೇ ಆದ್ದರಿಂದ ವಾರಕ್ಕೊಮ್ಮೆ ಬಂದು ಮರಿಗೆ ಕಲಿಸುತ್ತಿದ್ದಳು. ಮೂವತ್ತೊಂದು ವರ್ಷ, ತುಂಬಾ ಚುರುಕು, ಯಾವುದನ್ನೂ ದೊಡ್ಡದು ಮಾಡದ ಹುಡುಗಿ. ನಾನು ಗಾಜಿನ ಬಾಗಿಲ ಈಚೆ ಸುಧೀರ್ ಜೊತೆ ಕುಳಿತಿದ್ದೆ. ಒಂದು ಅಂಗುಲ ಸರಿದಿದ್ದ ಬಾಗಿಲಿನಿಂದ ಅವರ ಮಾತು ಕೇಳುತ್ತಿತ್ತು. ಮರಿ ಅದೇ ಹೊತ್ತಿಗೆ ನೆಲ ಒರೆಸುವ ಬಟ್ಟೆಯನ್ನು ಎಳೆದು ತಂದು ವೈನಿಯ ಪಾದದ ಮೇಲೆ ಇಟ್ಟಿತು.

ನಿಕಿತಾ ಅದನ್ನು ನೋಡಿ, ನಿಯಮ ಮರೆತು, ಅಪರೂಪಕ್ಕೆ ತನ್ನ ಬೆರಕೆ ಕನ್ನಡದಲ್ಲಿ ಹೇಳಿದಳು: "ಅಮ್ಮಾ, ಇವಳಿಗೆ ಲಗ್ತಾ ಇದೆ, ನೀ ನಾರಾಜ್ ಇದ್ದೀ ಅಂತ."

"ತುಝೆ ಕೈಸೆ ಪತಾ?" ಎಂದರು ವೈನಿ.

"ನಂಗೂ ಹಾಗೇ ಲಗಾ ಥಾ. ಸ್ಕೂಲ್ ಟೈಮ್. ನೀ ಒಂದ್ ದಿನ ಬಾತ್ ಮಾಡೋದು ಬಂದ್ ಮಾಡ್ದಿ."

ವೈನಿ ಹಿಂದಿಯಲ್ಲೇ, ತಾವು ಮಾತು ನಿಲ್ಲಿಸಲಿಲ್ಲ, ಕನ್ನಡ ಮಾತ್ರ ನಿಲ್ಲಿಸಿದ್ದು ಎಂದರು.

"ಹಿಂದಿ ನಿಂಗೆ ಬರ್ತಿತ್ತಾ ಆವಾಗ?" ನಿಕಿತಾ ನಕ್ಕಳು. "ಖಾವೋ, ಸೋ ಜಾವೋ, ಸ್ಕೂಲ್ ಜಾವೋ. ಬಸ್. ನಾ ಸೋಚ್ತಿದ್ದೆ, ಕುಛ್ ಗಲತಿ ಮಾಡ್ದೆ, ಅದಕ್ಕೇ ಅಮ್ಮ ಗುಸ್ಸಾ. ನಾನೂ ಚೀಜ಼ೆ ತಂದಿಡ್ತಿದ್ದೆ ನಾ. ಡ್ರಾಯಿಂಗ್, ಸ್ಟಾರ್. ಏಕ್ ಬಾರ್ ಪೂರಾ ಲಂಚ್ ಬಾಕ್ಸ್ ತೊಳೆದು."

ಅವಳು ದೂರುವ ದನಿಯಲ್ಲಿ ಹೇಳಲಿಲ್ಲ. ಮರಿಯ ಕಿವಿ ಕೆರೆಯುತ್ತ, ಹಳೆಯ ತಮಾಷೆಯೊಂದನ್ನು ಹೇಳುವಂತೆ ಹೇಳಿದಳು. ಸುಧೀರ್ ನನ್ನ ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡರು. ಅವರಿಗೂ ಇದು ಗೊತ್ತಿರಲಿಲ್ಲ.

"ಎಷ್ಟು ದಿನಾ?" ಎಂದು ವೈನಿ ಕೇಳಿದರು. ಅದು ಕನ್ನಡದಲ್ಲಿ ಬಂತು.

"ಪತಾ ನಹೀಂ. ಆದತ್ ಹೋ ಗಯಿ ಫಿರ್," ಎಂದಳು, ಆಮೇಲೆ ರೂಢಿಯಾಯಿತು ಎಂಬಂತೆ.

ನಾನು ಮಾರನೆಯ ದಿನ ಮೇಲೆ ಹೋಗಿ, ಈ ಕ್ರಮವನ್ನು ನಿಲ್ಲಿಸೋಣ ವೈನಿ, ಎರಡೂ ಭಾಷೆ ಇರಲಿ, ಸ್ವಲ್ಪ ನಿಧಾನವಾಗಬಹುದು ಅಷ್ಟೆ ಎಂದೆ. ಅವರು ಬೇಳೆ ಆರಿಸುವುದನ್ನು ಬಿಡದೆ ಕೇಳಿದರು.

"ಎರಡೂ ಇದ್ರ ರಸ್ತೇದಾಗ ನಿಲ್ಲತಾಳ, ಖಾತ್ರಿ ಹೇಳ್ತೀರೇನು?"

ಖಾತ್ರಿಯಿಲ್ಲ ಎಂದೆ. ಎರಡು ವಾರ ಮಾತ್ರ ಉಳಿದಿತ್ತು.

"ಮತ್ತ? ಇನ್ನೊಮ್ಮೆ ವಾಪಸ್ ಬಂದ್ರ ನಾ ಎಲ್ಲಿ ಬಿಡ್ಲಿ?" ಎಂದರು. ಆಮೇಲೆ ದನಿ ತಗ್ಗಿಸಿದರು. "ಆವಾಗ ತಿಳೀದs ಮಾಡಿದ್ದೆ. ಈಗ ತಿಳದು ಮಾಡ್ಲಿಕತ್ತೀನಿ. ಅಷ್ಟ ಫರಕು."

ಅವರು ಬದಲಾಯಿಸಿದ್ದು ಒಂದನ್ನು ಮಾತ್ರ. ಮಾತಿಲ್ಲದ ಹೊತ್ತಿನಲ್ಲೆಲ್ಲ ಒಂದು ಕೈಯನ್ನು ಮರಿಯ ಬೆನ್ನ ಮೇಲೆ ಇಟ್ಟಿರುತ್ತಿದ್ದರು. ಬೇಳೆಯನ್ನು ಇನ್ನೊಂದೇ ಕೈಯಲ್ಲಿ ಆರಿಸುತ್ತಿದ್ದರು. ಹಾಗೆ ಮಾಡಿದ ನಾಲ್ಕನೇ ದಿನಕ್ಕೆ ಮರಿ ಮೊದಲಿನಂತೆ ಅನ್ನ ತಿಂದಿತು. ವರ್ಷದ ಕೊನೆಯ ದಿನ ನಾನು ಮತ್ತೆ ಪರೀಕ್ಷೆ ಮಾಡಿದೆ. ಗುಜರಾತಿಗೆ ಹತ್ತಕ್ಕೆ ಎಂಟು. ಕನ್ನಡದಲ್ಲಿ ಕರೆದು ನೋಡಲಿಲ್ಲ, ಅದರ ಸಾಲನ್ನು ಖಾಲಿ ಬಿಟ್ಟೆ.

ಜನವರಿ ಐದರ ಬೆಳಿಗ್ಗೆ ನನ್ನ ಕಾರಿನಲ್ಲಿ ಹೊರಟೆವು. ಸುಧೀರ್ ಮನೆಯಲ್ಲೇ ಉಳಿದರು; ಜೊತೆಗೆ ಸವಿತಾಬೆನ್ ಇದ್ದರು. ವಡೋದರಾ ದಾಟಿ, ಭರೂಚ್‌ನಲ್ಲಿ ನರ್ಮದೆಯ ಸೇತುವೆ ದಾಟಿ, ಹಜೀರಾ ತಲುಪಿದಾಗ ಮಧ್ಯಾಹ್ನ ಒಂದಾಗಿತ್ತು. ಸಾಲುಮನೆಗಳ ಕಾಲೊನಿ, ಗೇಟಿನಲ್ಲಿ ಗುರುತಿನ ಚೀಟಿ ಕೇಳುವ ಕಾವಲು, ಒಳಗೆ ನಿಧಾನವಾಗಿ ಹೋಗುವ ಸೈಕಲ್ಲುಗಳು. ಲಾರಿ ಬರುವ ರಸ್ತೆ ಗೋಡೆಯ ಆಚೆಗಿತ್ತು. ವೈನಿ ಅದನ್ನೆಲ್ಲ ಡಿಸೆಂಬರ್‌ನಲ್ಲೇ ಬಂದು ನೋಡಿಹೋಗಿದ್ದರು, ಆದರೂ ಇನ್ನೊಮ್ಮೆ ನೋಡಿದರು.

ಮಯೂರ್ ಮೆಟ್ಟಿಲ ಮೇಲೆ ಕುಳಿತು ಕರೆದ. ಮರಿ ಕಾರಿನ ಸೀಟಿನಿಂದ ಕದಲಲಿಲ್ಲ. ಹೇತಲ್ ಕರೆದಳು. ಅದು ವೈನಿಯ ಕಡೆ ನೋಡಿತು. ಅವರ ಬಾಯಿಂದ ಏನಾದರೂ ಬರುತ್ತದೆಂದು, ಕಿವಿ ಮುಂದೆ ಮಾಡಿ, ಇಷ್ಟು ದಿನವೂ ಕಾಯುತ್ತಿದ್ದಂತೆ ಕಾಯಿತು.

"ಜಾ," ಎಂದರು ವೈನಿ. ಸರಿಯಾದ ಗುಜರಾತಿಯಲ್ಲಿ, ಸವಿತಾಬೆನ್ ಕೂಡ ನಗಲಾರದಂತೆ. "ಜಾ ಬೇಟಾ, ಘರೇ ಜಾ."

ಮರಿ ಇಳಿಯಿತು. ಅರ್ಧ ದಾರಿಯಲ್ಲಿ ಮಯೂರ್ ಇನ್ನೊಮ್ಮೆ ಕರೆದ. ಅದು ಸ್ವಲ್ಪ ಕುಂಟುತ್ತ ಅವನ ಕಡೆ ನಡೆಯಿತು.

ವಾಪಸು ಬರುವಾಗ ಸುರತ್ ಹೊರಗಿನ ಕಾಮ್ರೇಜ್ ದಾಟಿದ ಮೇಲೆ ವೈನಿ ನಿಕಿತಾಗೆ ಫೋನ್ ಹಚ್ಚಿದರು. "ನಿಕ್ಕೀ, ನಾನs. ಮುಟ್ಟಿಸಿ ಬಂದ್ವಿ ನೋಡವಾ. ಮನಿ ಛೊಲೊ ಅದ," ಎಂದರು. ಆಚೆಯಿಂದ ಅವಳು ಏನೋ ಕೇಳಿದಳು. "ಹಾಂ, ಇಳದು ಹೋದ್ಲು," ಎಂದರು. ಮೂರನೇ ಮಾತಿಗೆ ದನಿ ತಡವರಿಸಿತು. "ಖಾನಾ ಖಾಯಾ ತೂನೆ?" ಎಂದು ಕೇಳಿ, ಕೇಳಿದ ಮೇಲೆ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು ಅದನ್ನೇ ನೋಡಿದರು. ಮತ್ತೆ ಕಿವಿಗಿಟ್ಟು ಉಳಿದದ್ದನ್ನೆಲ್ಲ ಹಿಂದಿಯಲ್ಲೇ ಮುಗಿಸಿದರು. ಆಮೇಲೆ ನನಗೆ ಹೇಳಿದರು: "ಆಕಿ ಜೋಡಿ ಕನ್ನಡ ನನಗs ಬರವಲ್ತು, ಹರಿ. ಹುಡುಕಬೇಕಾಗ್ತದ."

ಮೂವತ್ತು ದಿನ ಕಳೆದವು. ಈ ಮೂವತ್ತು ದಿನ ಅವರು ಫೋನ್ ಬಂದಾಗಲೆಲ್ಲ ಮೊದಲು ಕುರ್ಚಿಯಲ್ಲಿ ಕೂತು ಆಮೇಲೆ ತೆಗೆಯುತ್ತಿದ್ದರು. ಮೂವತ್ತೊಂದನೇ ದಿನ ಸಂಜೆ ನಾನು ಅಲ್ಲೇ ಇದ್ದಾಗ ಮಯೂರ್ ವಿಡಿಯೊ ಕಾಲ್ ಮಾಡಿದ. ಮರಿಯ ಕೊರಳಿಗೆ ಕೆಂಪು ಪಟ್ಟಿ ಬಂದಿತ್ತು. ಮೈ ತುಂಬಿಕೊಂಡಿತ್ತು. 'ಬೇಸ್' ಎಂದರೆ ಕೂರುತ್ತಿತ್ತು. ಹಿಂದಿನ ವಾರ ಗೇಟಿನ ಬಳಿ ಕಾವಲುಗಾರ 'ಊಭೀ ರಹೇ' ಎಂದು ಕೂಗಿದಾಗ ನಿಂತಿತಂತೆ, ಅಲ್ಲೇ, ಒಂದು ಕಾಲು ಎತ್ತಿಕೊಂಡು.

"ಆಂಟಿ, ನೀವೂ ಮಾತಾಡಿ ಅವಳ ಜೊತೆ," ಎಂದು ಅವನು ಫೋನನ್ನು ಮರಿಯ ಮುಖದ ಹತ್ತಿರ ಹಿಡಿದ.

ವೈನಿ ಕೂಡಲೇ ಬೆರಳಿನಿಂದ ತಮ್ಮ ಕಡೆಯ ದನಿಯನ್ನು ಬಂದ್ ಮಾಡಿದರು. ಸುಧೀರ್ ಏನೋ ಹೇಳಲು ಹೊರಟರು. ಅವರ ಕೈಯನ್ನು ಒತ್ತಿ ಹಿಡಿದರು.

"ನನ್ನ ದನಿ ಕೇಳಿದ್ರ ಹುಡುಕ್ತಾಳ," ಎಂದರು. "ಬ್ಯಾಡ."

ಮರಿಯ ಮೂಗು ಪರದೆ ತುಂಬ ಕಾಣುತ್ತಿತ್ತು. ಅವರು ಅದನ್ನು ನೋಡುತ್ತ, ತುಟಿ ಬಿಗಿದುಕೊಂಡು, ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದರು. ಆಚೆಯಿಂದ ಮಯೂರ್ "ಆಂಟಿ, ತಮಾರೋ ಅವಾಜ್ ನಥೀ ಆವತೋ" ಎಂದ, ದನಿ ಬರುತ್ತಿಲ್ಲವೆಂದು ಇನ್ನೊಮ್ಮೆ ಎಂದ. ನೆಟ್‌ವರ್ಕ್ ಸರಿಯಿಲ್ಲವೆಂದು ಹೆಂಡತಿಗೆ ಹೇಳಿ ಕಾಲ್ ಮುಗಿಸಿದ.